ಯಾರ ಬಾಯಿಂದ ಬಂದ ಮಾತು?

ಪ್ರಿಯ ಓದುಗರೆ,

ರಷ್ಯನ್ನರ ನಿತ್ಯದ ಮಾತಿನಲ್ಲಿ ಬೆರೆತುಹೋದ ಸಾಹಿತ್ಯದ ಸಾಲುಗಳನ್ನು ‘ನೀತಿಮುತ್ತು’ಗಳೆಂದು ಪ್ರತಿ ಸಂಚಿಕೆಯಲ್ಲಿ ಚೌಕಟ್ಟು ಹಾಕಿ ಅಚ್ಚು ಮಾಡಿ ಎಂದು ಬರೆದಿದ್ದೀರಿ, ಮಾದರಿಗೆ ನಾಲ್ಕನ್ನು ಕಳಿಸಿದ್ದೀರಿ. ಮಾಡೋಣ. ಆದರೆ ಪ್ರತಿಯೊಂದರ ಕೆಳಗೂ ಲೇಖಕರ ಹೆಸರನ್ನಷ್ಟೇ ಹಾಕಿದ್ದೀರಲ್ಲ, ಅದಕ್ಕೆ ನನ್ನ ತಕರಾರಿದೆ.

‘ಮನುಷ್ಯನಲ್ಲಿ ಎಲ್ಲವೂ ಸುಂದರವಾಗಿರಬೇಕು: ಮುಖ, ಉಡುಪು, ಆತ್ಮ, ಆಲೋಚನೆ.’ ಸೋವಿಯತ್ ಶಾಲೆಗಳ ಗೋಡೆಗಳ ಮೇಲೂ ಇದು ಚೆಕಾವ್ ಹೆಸರಿನಲ್ಲೇ ಇರುತ್ತಿತ್ತು. ‘ಅಂಕಲ್ ವಾನ್ಯಾ’ ನಾಟಕದಲ್ಲಿ ಹೀಗನ್ನುವವನು ಡಾಕ್ಟರ್ ಆಸ್ತ್ರೋವ್. ಅದೂ ಬೇರೊಬ್ಬರ ಹೆಂಡತಿ ಎಲೆನಾಳ ಬಗ್ಗೆ, ತನ್ನನ್ನು ಪ್ರೀತಿಸುತ್ತಿರುವ ಸೋನ್ಯಾಳೆದುರು. ಗೋಡೆಯವರು ಬಿಟ್ಟ ಸಾಲುಗಳು ಆಮೇಲೆ ಬರುತ್ತವೆ: ಆಕೆ ಚೆಲುವೆಯೇನೋ ಹೌದು, ಆದರೆ ತಿನ್ನುವುದು, ಮಲಗುವುದು, ಅಡ್ಡಾಡುವುದು ಬಿಟ್ಟರೆ ಬೇರೇನಿಲ್ಲ, ಅವಳಿಗಾಗಿ ಬೇರೆಯವರು ದುಡಿಯುತ್ತಾರೆ, ದುಡಿಯದ ಬದುಕು ಶುದ್ಧವಾಗಿರಲಾರದು. ಹೀಗೆ ತೀರ್ಪು ಕೊಟ್ಟವನೇ ಮುಂದಿನ ಅಂಕದಲ್ಲಿ ಎಲೆನಾಳನ್ನು ಮುದ್ದಿಡುತ್ತಾನೆ. ಇನ್ನು ಕುಡಿಯುವುದಿಲ್ಲವೆಂದು ಸೋನ್ಯಾಳಿಗೆ ಮಾತು ಕೊಟ್ಟವನು ಕೊನೆಯ ಅಂಕದಲ್ಲಿ ವೋಡ್ಕಾ ಏರಿಸುತ್ತಾನೆ. ಇದರಿಂದ ಮಾತು ಸುಳ್ಳಾಗಲಿಲ್ಲ. ನಾಟಕದಲ್ಲಿ ಅದು ಹೇಳಿದವನನ್ನೇ ಚುಚ್ಚುತ್ತದೆ; ಗೋಡೆ ಏರಿದ ಮೇಲೆ ಯಾರನ್ನೂ ಚುಚ್ಚುವುದಿಲ್ಲ. ಹೆಡ್‌ಮಾಸ್ತರರಿಗೆ ಅದೇ ಅನುಕೂಲವಿರಬೇಕು.

‘ಮನುಷ್ಯ, ಎಂಥ ಹೆಮ್ಮೆಯ ಹೆಸರು!’ ಎಂಬುದು ಗೋರ್ಕಿಯ 1902ರ ನಾಟಕದ್ದು. ಹೇಳುವವನು ಸಾತಿನ್, ಅಗ್ಗದ ವಸತಿಯಲ್ಲಿ ಬಿದ್ದಿರುವ ಕುಡುಕ, ಇಸ್ಪೀಟಿನಲ್ಲಿ ಮೋಸ ಮಾಡುವವನು.

‘ಸೌಂದರ್ಯ ಜಗತ್ತನ್ನು ಉಳಿಸುತ್ತದೆ’ ಎಂದು ದಸ್ತಯೇವ್ಸ್ಕಿಯ ‘ಈಡಿಯಟ್’ನಲ್ಲಿ ರಾಜಕುಮಾರ ಮಿಷ್ಕಿನ್ ನಮ್ಮೆದುರು ಹೇಳುವುದೇ ಇಲ್ಲ. ಕ್ಷಯದಿಂದ ಸಾಯುತ್ತಿರುವ ಹುಡುಗ ಇಪ್ಪೊಲಿತ್, ‘ನೀವು ಹೀಗೆ ಹೇಳಿದ್ದಿರಂತೆ, ನಿಜವೆ?’ ಎಂದು ಕೆಣಕುತ್ತಾನೆ. ಮಿಷ್ಕಿನ್ ಉತ್ತರ ಕೊಡುವುದಿಲ್ಲ.

ನೀವು ಕಳಿಸಿದ್ದರಲ್ಲಿ ನನಗೆ ಹೆಚ್ಚು ಇಷ್ಟವಾದದ್ದು ಹಳೆಯ ಗಾದೆ: ‘ಬಟ್ಟೆಯನ್ನು ಹೊಸದಿರುವಾಗಲೇ ಕಾಪಾಡು, ಮಾನವನ್ನು ಎಳವೆಯಿಂದಲೇ.’ ಪುಷ್ಕಿನ್‌ನ ‘ಕ್ಯಾಪ್ಟನ್‌ನ ಮಗಳು’ (1836) ಕಾದಂಬರಿಯಲ್ಲಿ ಸೈನ್ಯಕ್ಕೆ ಹೊರಟ ಮಗ ಗ್ರಿನ್ಯೋವ್‌ನಿಗೆ ತಂದೆ ಹೇಳುವ ಮಾತು. ಮುಂದೆ ಬಂಡಾಯಗಾರ ಪುಗಚೋವ್‌ನೆದುರು, ಕೈಗೆ ಮುತ್ತಿಡು ಎಂದು ಸುತ್ತಲಿನವರು ಒತ್ತಾಯಿಸುವಾಗ, ‘ಹಟ ಬೇಡ, ಮುತ್ತಿಟ್ಟುಬಿಡು’ ಎಂದು ಹಿಂದಿನಿಂದ ಪಿಸುಗುಟ್ಟುವವನು ಅವನನ್ನು ಎತ್ತಿ ಆಡಿಸಿದ ಸೇವಕ ಸವೇಲಿಚ್. ಹುಡುಗ ಮುತ್ತಿಡುವುದಿಲ್ಲ. ಆದರೆ ಅದಕ್ಕೆ ತುಸು ಮುಂಚೆ ಅವನನ್ನು ನೇಣಿನಿಂದ ಬಿಡಿಸಿದ್ದು ಆ ಮುದುಕನೇ, ಪುಗಚೋವ್‌ನ ಕಾಲಿಗೆ ಬಿದ್ದು! ಮಾನದ ಪಾಠದಲ್ಲಿ ಸವೇಲಿಚ್‌ನ ಪಾಲೆಷ್ಟು ಎಂಬ ಪ್ರಶ್ನೆಗೆ ಗಾದೆಯಲ್ಲಿ ಉತ್ತರವಿಲ್ಲ, ಕಾದಂಬರಿಯಲ್ಲಿದೆ.

ಆದ್ದರಿಂದ ಸಂಚಿಕೆಗೆ ಒಂದೇ ಸಾಲು ಸಾಕು. ಆಡಿದವರು ಯಾರು, ಯಾರೆದುರು ಎಂಬುದೂ ಜೊತೆಗಿರಲಿ. ಮೊದಲಿಗೆ ಗ್ರಿಬೊಯೆದೊವ್‌ನ ನಾಟಕದಲ್ಲಿ ಚಾತ್ಸ್ಕಿ ಕೇಳುವ ‘ತೀರ್ಪು ಕೊಡುವವರಾದರೂ ಯಾರು?’ ಎಂಬುದನ್ನು ಹಾಕೋಣ. ಬರೆದುಕೊಡುತ್ತೀರಾ?

— ಸಂಪಾದಕ