ಕಾಲಿನಿಂದ ಮಾಡುವ ಮಸಾಜ್‌ನಿಂದ ಯಾರಿಗೆ ಲಾಭ: ಮಾಡುವವರಿಗಾ, ಮಾಡಿಸಿಕೊಳ್ಳುವವರಿಗಾ?

ಇಬ್ಬರಿಗೂ ಇದೆ. ಆದರೆ ನನ್ನ ಪ್ರಕಾರ ಮಾಡುವವರಿಗೇ ಒಂದು ತೂಕ ಜಾಸ್ತಿ. ದಿನವಿಡೀ ಹೆಬ್ಬೆರಳಲ್ಲಿ ಒತ್ತಿ ಒತ್ತಿ ಅವರ ಮಣಿಕಟ್ಟು, ಭುಜ ಬೇಗ ಸೋಲುತ್ತವೆ. ಕಾಲಲ್ಲಿ ಮಾಡುವಾಗ ತೋಳಿನ ಬಲ ಅಷ್ಟಾಗಿ ಬೇಡ. ಮೇಲಿನ ಕಂಬಿಯನ್ನೋ ಹಗ್ಗವನ್ನೋ ಹಿಡಿದು, ಮೈಭಾರವನ್ನು ಬೇಕಾದಷ್ಟೇ ಬಿಡುತ್ತಾರೆ.

ಮಲಗಿದವರಿಗೆ ಸಿಗುವುದು ಅಗಲವಾದ, ಆಳವಾದ ಒತ್ತಡ. ಮೊಣಕೈಯಲ್ಲಿ ಒತ್ತಿದರೆ ಚುಚ್ಚುತ್ತದೆ ಅಲ್ವಾ, ಅಂಗಾಲಿನಲ್ಲಿ ಅದು ಕಡಿಮೆ. ಎಣ್ಣೆ ಹಚ್ಚಿದ ಬೆನ್ನಿನ ಮೇಲೆ ಪಾದ ಸೊಂಟದಿಂದ ಭುಜದವರೆಗೆ ಒಂದೇ ಎಳೆತದಲ್ಲಿ ಜಾರುತ್ತದೆ. ಬೆನ್ನುಮೂಳೆಯ ಮೇಲಲ್ಲ, ಅದರ ಪಕ್ಕದ ಸ್ನಾಯುಗಳ ಮೇಲೆ. ಸುಮ್ನೆ ಬೆನ್ನು ತುಳಿಯುವುದಲ್ಲ ಇದು, ತರಬೇತಿ ಬೇಕು.

ಗರ್ಭಿಣಿಯರಿಗೆ ಬೇಡ. ಮೂಳೆ ಸವೆತ ಇರುವವರು, ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು, ಇತ್ತೀಚೆಗೆ ಆಪರೇಷನ್ ಆದವರು ಮೊದಲು ಡಾಕ್ಟರನ್ನು ಕೇಳಿ.