ಸಹಿ ನಂದೇ, ಸಾಲ ಯಾರದ್ದು?

ಓದುಗರ ಪತ್ರ (ಹೆಸರು, ಊರು ಬಿಟ್ಟಿದ್ದೇವೆ): "ನಾನು ಮಂಜೇಶ್ವರ ತಾಲೂಕಿನವಳು. ಮೂರು ತಿಂಗಳ ಹಿಂದೆ ಗಂಡನ ಮನೆ ಬಿಟ್ಟು ತವರಿಗೆ ಬಂದೆ. ಪೆಟ್ಟು ನಿಂತಿತು, ಸಾಲ ಬೆನ್ನು ಬಿಡಲಿಲ್ಲ. ಕುಟುಂಬಶ್ರೀ (ಹೆಂಗಸರ ಸ್ವಸಹಾಯ ಗುಂಪು) ಸಾಲ, ನನ್ನ ಬಳೆ ಅಡವಿಟ್ಟ ಸಾಲ, ಮೊಬೈಲಿನಲ್ಲಿ ಅವರೇ ತೆಗೆದ ಸಾಲ, ಎಲ್ಲ ನನ್ನ ಹೆಸರಲ್ಲಿ. ಫಾರ್ಮು ಮಲಯಾಳದಲ್ಲಿತ್ತು, ನನಗೆ ಓದಲು ಬಾರದು. ಸಹಿ ಹಾಕದಿದ್ದರೆ ಪೆಟ್ಟು. ಆದರೂ ಸಹಿ ನಂದೇ ಅಲ್ವಾ?"

ಪ್ರಿಯ ತಂಗಿ,

ನಿಮ್ಮ ಪತ್ರ ಬೀಡಿ ಲೆಕ್ಕದ ಪುಸ್ತಕದಿಂದ ಹರಿದ ಹಾಳೆ. ತಿರುಗಿಸಿದರೆ ಹಿಂದೆ ಪೆನ್ಸಿಲಿನಲ್ಲಿ ತಾರೀಕು, ಮೊತ್ತ: 'ಬಳೆ 2', 'ಗುಂಪಿನದ್ದು', 'ಅವರಿಗೆ ಕೊಟ್ಟದ್ದು'. ಬರೆದಿಟ್ಟದ್ದು ನಿಮಗೇ ಮರೆತಿರಬೇಕು. ನನಗೆ ಪತ್ರಕ್ಕಿಂತ ಆ ಹಿಂಬದಿಯೇ ದೊಡ್ಡದಾಗಿ ಕಂಡಿತು.

ಮೊದಲು ಕಹಿ ಮಾತು. ಬ್ಯಾಂಕಿನವರು ಸಹಿ ಯಾರದ್ದೋ ಅವರನ್ನೇ ಕೇಳುತ್ತಾರೆ. ಬಲವಂತದ ಒಪ್ಪಿಗೆ ಮುಕ್ತ ಒಪ್ಪಿಗೆಯಲ್ಲ ಅಂತ 1872ರ ಕರಾರು ಕಾಯ್ದೆ ಹೇಳುತ್ತೆ, ನಿಜ. ಆದರೆ ಗಂಡ ಬಲವಂತ ಮಾಡಿದ್ದನ್ನು ನೀವೇ ಸಾಬೀತು ಮಾಡಬೇಕು. ಆ ವಾದ ಸುಲಭಕ್ಕೆ ನಿಲ್ಲುವುದಿಲ್ಲ. ನನಗೆ ಜಾಸ್ತಿ ನಂಬಿಕೆ ಇರುವುದು 2005ರ ಕೌಟುಂಬಿಕ ಹಿಂಸೆ ಕಾಯ್ದೆಯ ಮೇಲೆ. ಹೆಂಡತಿಯ ದುಡ್ಡು, ಚಿನ್ನ ಕಸಿಯುವುದನ್ನೂ ಅದು ಆರ್ಥಿಕ ಹಿಂಸೆ ಅಂತ ಹೆಸರು ಹಿಡಿದೇ ಕರೆದಿದೆ. ನಷ್ಟ ತುಂಬಿಕೊಡು, ತವರಿನ ಚಿನ್ನ ವಾಪಸ್ ಕೊಡು ಅಂತ ಮ್ಯಾಜಿಸ್ಟ್ರೇಟರು ಗಂಡನಿಗೆ ಆದೇಶಿಸಬಹುದು. ಅಲ್ಲಿ ನಿಮ್ಮ ಪೆನ್ಸಿಲ್ ಲೆಕ್ಕ ಕೆಲಸಕ್ಕೆ ಬರುತ್ತೆ.

ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಿ, ಜಿಲ್ಲೆಯ ಮಹಿಳಾ ಸಂರಕ್ಷಣಾಧಿಕಾರಿಯನ್ನು ಕೇಳಿ. ವಕೀಲರ ಫೀಸಿನ ಚಿಂತೆ ಬೇಡ. ಹೆಂಗಸರಿಗೆ, ಆದಾಯ ಎಷ್ಟೇ ಇರಲಿ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ವಕೀಲರು ಉಚಿತ. ಸಂರಕ್ಷಣಾಧಿಕಾರಿಗೆ ಕೊಡುವ ಅರ್ಜಿ ಕನ್ನಡದಲ್ಲೇ ಇರಲಿ. ಇಲ್ಲಿನ ಸರಕಾರಿ ಕಚೇರಿಗಳಿಗೆ ಕನ್ನಡದಲ್ಲಿ ಬರೆಯುವ ಹಕ್ಕನ್ನು 1969ರ ಕೇರಳದ ಭಾಷಾ ಕಾಯ್ದೆಯೇ ನಮಗೆ ಕೊಟ್ಟಿದೆ. ಓದಲಾಗದ ಕಾಗದಕ್ಕೆ ಸಹಿ ಹಾಕಿದ್ದು ಸಾಕು.

ಅದಕ್ಕೂ ಮೊದಲು ಒಂದು ಕೆಲಸ ಉಂಟು. ನಿಮ್ಮ ಆಧಾರಿಗೆ ಜೋಡಿಸಿದ ನಂಬರು ಯಾರ ಕೈಯಲ್ಲಿದೆ? ಆತನ ಫೋನಿನಲ್ಲಾದರೆ ಒಟಿಪಿ ಈಗಲೂ ಅಲ್ಲಿಗೇ ಹೋಗುತ್ತೆ, ನಾಳೆ ಇನ್ನೊಂದು ಸಾಲ ಹುಟ್ಟಬಹುದು. ಆಧಾರ್ ಸೇವೆ ಇರುವ ಅಕ್ಷಯ ಕೇಂದ್ರಕ್ಕೆ ಹೋಗಿ, ಬೆರಳು ಒತ್ತಿ, ನಂಬರು ಬದಲಿಸಿ. ಬ್ಯಾಂಕಿನಲ್ಲೂ ಬದಲಿಸಿ. ಆಮೇಲೆ ಸಿಬಿಲ್ ವರದಿ (ನಿಮ್ಮ ಹೆಸರಲ್ಲಿರುವ ಸಾಲಗಳ ದಾಖಲೆ) ತೆಗೆಸಿ, ವರ್ಷಕ್ಕೊಮ್ಮೆ ಉಚಿತ. ಗೊತ್ತೇ ಇಲ್ಲದ ಸಾಲ ಕಂಡರೆ ಬರವಣಿಗೆಯಲ್ಲಿ ದೂರು ಕೊಡಿ. 30 ದಿನದೊಳಗೆ ಇತ್ಯರ್ಥ ಆಗದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು ಅಂತ ರಿಸರ್ವ್ ಬ್ಯಾಂಕಿನ ನಿಯಮ. ವಸೂಲಿಯವರು ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಫೋನ್ ಮಾಡುವಂತಿಲ್ಲ. ಮಾಡಿದರೆ ಹೊತ್ತು ಬರೆದಿಡಿ.

ಬಳೆಯ ಸಾಲ ನಿಮ್ಮ ಹೆಸರಲ್ಲಿರುವುದು ಒಂದು ಲೆಕ್ಕದಲ್ಲಿ ಒಳ್ಳೆಯದೇ. ಬಿಡಿಸಿದರೆ ಬಳೆ ನಿಮ್ಮ ಕೈಗೇ ಬರುತ್ತೆ. ಆದರೆ ಹೆದರಿ ಅಮ್ಮನ ಸರ ಅಡವಿಡಬೇಡಿ, ದಯವಿಟ್ಟು.

ಕುಟುಂಬಶ್ರೀ ಗುಂಪಿನ ಮುಂದೆ ಮಾತ್ರ ನೀವೇ ಹೋಗಿ ಹೇಳಬೇಕು. ಕಂತು ಸಣ್ಣದು ಮಾಡಿ ಅಂತ ಕೇಳಿ. ನಾಚಿಕೆ ಯಾಕೆ? ಆ ಹೆಂಗಸರಿಗೆ ನಿಮ್ಮ ಮನೆಯ ಸದ್ದು ಕೇಳದೆ ಇತ್ತೇ?

ಹಾಳೆಯನ್ನು ನಿಮ್ಮ ತವರಿನ ವಿಳಾಸಕ್ಕೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿದ್ದೇನೆ. ಹಿಂಬದಿಯ ಎರಡು ಜೆರಾಕ್ಸ್ ಜೊತೆಗಿದೆ.