ಸರ್ವಿಸ್ ಡಾಗ್ ಜೊತೆ ಹವಾಯಿಗೆ ಹೋದರೆ 120 ದಿನ ಕ್ವಾರಂಟೈನ್ ಇದೆಯೇ?

ಅಮೆರಿಕದೊಳಗೇ, ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಿಂದ ಹವಾಯಿಯ ಹೊನೊಲುಲುಗೆ ಹೋಗಲು ಸರ್ವಿಸ್ ಡಾಗ್‌ಗೆ, ಅಂದರೆ ಅಂಗವೈಕಲ್ಯ ಇರುವವರ ನೆರವಿಗೆ ತರಬೇತಿ ಪಡೆದ ನಾಯಿಗೆ, ಕ್ವಾರಂಟೈನ್ ಯಾಕೆ ಎಂದು ಕೇಳಿದ್ದೀರಿ. ರೇಬೀಸ್ ಇಲ್ಲದ ಏಕೈಕ ಅಮೆರಿಕನ್ ರಾಜ್ಯ ಹವಾಯಿ, ಅದಕ್ಕೆ. ಮೊದಲೆಲ್ಲ ದೃಷ್ಟಿಹೀನರಿಗೆ ದಾರಿ ತೋರುವ ಗೈಡ್ ಡಾಗ್‌ಗಳಿಗೂ ಈ 120 ದಿನದಿಂದ ವಿನಾಯಿತಿ ಇರಲಿಲ್ಲ. ದೃಷ್ಟಿಹೀನರು ಕೋರ್ಟಿಗೆ ಹೋಗಿ, 1996ರಲ್ಲಿ ಮೇಲ್ಮನವಿ ನ್ಯಾಯಾಲಯ ಅವರ ವಾದ ಎತ್ತಿಹಿಡಿದ ಮೇಲೆ ನಿಯಮ ಸಡಿಲವಾಯಿತು. ಈಗ ದಾಖಲೆ ಸರಿಯಿದ್ದರೆ ತಪಾಸಣೆ ಮುಗಿಸಿ ನಾಯಿಯನ್ನು ನಿಮ್ಮ ಜೊತೆಗೇ ಬಿಡುತ್ತಾರೆ.

ಎಡವಟ್ಟಾಗುವುದು ರಕ್ತಪರೀಕ್ಷೆಯಲ್ಲಿ. ಎಫ್‌ಎವಿಎನ್ ಎಂಬ ಆ ಪರೀಕ್ಷೆಯಲ್ಲಿ ರೇಬೀಸ್ ಪ್ರತಿಕಾಯ ಕನಿಷ್ಠ 0.5 ಐಯು/ಮಿ.ಲೀ. ಇರಬೇಕು. ಫಲಿತಾಂಶವನ್ನು ನಾಯಿಗೆ ಜೋಡಿಸುವುದು ಅದರ ಚರ್ಮದಡಿ ಇಡುವ ಗುರುತಿನ ಮೈಕ್ರೋಚಿಪ್‌ನ ಸಂಖ್ಯೆ ಮಾತ್ರ. ಹಾಗಾಗಿ ಮೊದಲು ಚಿಪ್, ಆಮೇಲೆ ರಕ್ತ. ರಕ್ತ ತೆಗೆಯುವ ದಿನ ಪಶುವೈದ್ಯರ ಹತ್ತಿರ ಚಿಪ್ ಸ್ಕ್ಯಾನ್ ಮಾಡಿಸಿ, ಸ್ಕ್ಯಾನರ್ ತೋರಿಸಿದ ಸಂಖ್ಯೆಯನ್ನೇ ಲ್ಯಾಬ್ ಫಾರಂನಲ್ಲಿ ಬರೆಸಿ. ಹಳೆಯ ಫೈಲ್ ನೋಡಿ ಬರೆದರೆ ಒಂದಂಕಿ ತಪ್ಪಿದರೂ ಪರೀಕ್ಷೆ ವ್ಯರ್ಥ. ಈ ಪರೀಕ್ಷೆ ಮಾಡುವ ಕ್ಯಾನ್ಸಸ್ ಸ್ಟೇಟ್ ಯೂನಿವರ್ಸಿಟಿ ಲ್ಯಾಬ್‌ಗೆ ಕಳಿಸುವುದಾದರೆ ಗಮ್ಯಸ್ಥಾನ 'ಹವಾಯಿ' ಎಂದು ಗುರುತು ಹಾಕಿಸಿ. ಮೊದಲ ರೇಬೀಸ್ ಚುಚ್ಚುಮದ್ದು ಹಾಕಿಸಿದ ಬೆನ್ನಲ್ಲೇ ರಕ್ತ ಕೊಡಬೇಡಿ, ಪ್ರತಿಕಾಯ ಏರಲು ಕೆಲವು ವಾರ ಬೇಕು. ಸಾಮಾನ್ಯ ಸಾಕುನಾಯಿಗೆ ರಕ್ತದ ಮಾದರಿ ಲ್ಯಾಬ್ ತಲುಪಿದ ಮೇಲೆ 30 ದಿನ ಕಾಯುವ ನಿಯಮವಿದೆ. ಸರ್ವಿಸ್ ಡಾಗ್‌ಗೆ ಆ ಕಾಯುವಿಕೆ ಇಲ್ಲ, ಆದರೆ ಪರೀಕ್ಷೆಯೇ ಬೇಡ ಎಂದಲ್ಲ. ಬಹಳ ಜನ ಇಲ್ಲೇ ತಪ್ಪು ತಿಳಿಯುತ್ತಾರೆ.

ಲಸಿಕೆಯ ಅವಧಿ ಮುಗಿದಿರಬಾರದು, ಅದರ ಹೆಸರು ಮತ್ತು ಲಾಟ್ ಸಂಖ್ಯೆ (ಬಾಟಲಿಯ ಮೇಲಿರುವ ತಯಾರಿಕಾ ಬ್ಯಾಚ್ ಸಂಖ್ಯೆ) ದಾಖಲೆಯಲ್ಲಿರಲಿ. ಆರೋಗ್ಯ ಪ್ರಮಾಣಪತ್ರ, ರಕ್ತ ಹೀರುವ ಉಣ್ಣಿ ಹುಳುಗಳಿಗೆ ಫಿಪ್ರೊನಿಲ್‌ನಂಥ ಔಷಧಿ, ಎರಡನ್ನೂ ತಲುಪುವ ಮುಂಚಿನ 14 ದಿನದೊಳಗೇ ಮಾಡಿಸಿಬಿಡಿ, ಔಷಧಿ ಹಾಕಿದ ದಿನಾಂಕ ಪ್ರಮಾಣಪತ್ರದಲ್ಲೇ ಬರಲಿ. ಹವಾಯಿಯ ಪ್ರಾಣಿ ಕ್ವಾರಂಟೈನ್ ಕಚೇರಿಗೆ ಕನಿಷ್ಠ 24 ಗಂಟೆ ಮೊದಲು ತಿಳಿಸಿದರೆ ಟರ್ಮಿನಲ್‌ನಲ್ಲೇ ತಪಾಸಣೆ ಆಗುತ್ತದೆ. ಹವಾಯಿಯ ಬೇರೆ ದ್ವೀಪಗಳಲ್ಲಿರುವ ಮಾವಿಗೋ ಕೋನಾಗೋ ನೇರ ವಿಮಾನ ಅಗ್ಗ ಸಿಕ್ಕಿತೆಂದು ಬುಕ್ ಮಾಡಬೇಡಿ, ಅಲ್ಲಿ ಇಳಿಯಲು ಮುಂಚಿತ ಪರವಾನಗಿ ಬೇಕು. ಮೊದಲ ಸಲಕ್ಕೆ ಹೊನೊಲುಲುವೇ ವಾಸಿ.

ವಿಮಾನ ಕಂಪನಿಗೆ ಅಮೆರಿಕದ ಸಾರಿಗೆ ಇಲಾಖೆಯ ಸರ್ವಿಸ್ ಡಾಗ್ ಫಾರಂ 48 ಗಂಟೆ ಮುಂಚೆ ಕೊಡಿ. 8 ಗಂಟೆ ಅಥವಾ ಅದಕ್ಕೂ ಹೆಚ್ಚಿನ ಹಾರಾಟಕ್ಕೆ ಮಲಮೂತ್ರದ ಬಗ್ಗೆ ಇನ್ನೊಂದು ಫಾರಂ ಕೇಳಬಹುದು, ಸ್ಯಾನ್ ಹೋಸೆಯಿಂದ ಅಷ್ಟು ಹೊತ್ತಾಗದು. ನಿಮ್ಮದು ತರಬೇತಿಯಿಲ್ಲದ, ಬರೀ ಮನಸ್ಸಿನ ಸಮಾಧಾನಕ್ಕಿರುವ ನಾಯಿಯಾದರೆ ಈ ರಿಯಾಯಿತಿ ಯಾವುದೂ ಅನ್ವಯಿಸುವುದಿಲ್ಲ, ಸಾಕುನಾಯಿಯ ನಿಯಮವೇ ಗತಿ.